ಮೂಡಲಗಿರಿಯಪ್ಪ ಮಾತಿಗೆ ಕೂತದ್ದು

ಮೂಡಲಗಿರಿಯಪ್ಪನಿಗೆ ಕೂರಲು ಆಗುತ್ತಿರಲಿಲ್ಲ. ತಾವರೆಕೆರೆಯ ಹೈವೇ ಪಕ್ಕದ ಅವನ ಪಂಕ್ಚರ್ ಅಂಗಡಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅವು ಗಿರಾಕಿಗಳಿಗೆ. ಅವನು ಕಂಪ್ರೆಸರ್‌ನಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ರಸ್ತೆಯ ಅಂಚಿಗೆ ಓಡಾಡುತ್ತಲೇ ಇರುತ್ತಿದ್ದ. ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಏಳುವುದನ್ನು ನೋಡುವಾಗ ಮಾತ್ರ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಆಗಲೂ ಹಿಮ್ಮಡಿ ಕುಣಿಯುತ್ತಿತ್ತು.

ಆ ದನಿ ಶುರುವಾದದ್ದು ಕೊರೋನಾ ಕಾಲ ಕಳೆದ ಮೇಲೆ. ಮೊದಮೊದಲು ಲಾರಿ ಹಾರನ್ನಿನೊಳಗೆ ಯಾರೋ ತನ್ನ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಆಮೇಲೆ ಹಾರನ್ನೂ ಬೇಕಾಗಲಿಲ್ಲ. ಒರಟು ಗಂಟಲಿನ ಗಂಡಸೊಬ್ಬ ಕಿವಿಯ ಹಿಂದೆಯೇ ನಿಂತು ಬೈಯುತ್ತಿದ್ದ, ಬೆದರಿಸುತ್ತಿದ್ದ. ಮೂಡಲಗಿರಿಯಪ್ಪ ಅವನನ್ನು 'ಆವಯ್ಯ' ಎನ್ನುತ್ತಿದ್ದ. ಆವಯ್ಯನ ಮಾತು ಕೇಳಿ ಒಮ್ಮೆ ಒಬ್ಬ ಡ್ರೈವರ್ ಮೇಲೆ ಟೈರು ಬಿಚ್ಚುವ ಲಿವರ್ ಎತ್ತಿದ. ಅವತ್ತು ಹೆಂಡತಿ ರಾಜಲಕ್ಷ್ಮಮ್ಮ ತನ್ನ ತಮ್ಮಂದಿರನ್ನು ಕರೆಸಿ, ಅವನನ್ನು ಶಿರಾದ ಆಸ್ಪತ್ರೆಗೆ ಕರೆದೊಯ್ದಳು. ಇಂಜೆಕ್ಷನ್ನು, ಮಾತ್ರೆ ಶುರುವಾದವು. ಆವಯ್ಯನ ಕೂಗು ತಗ್ಗಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಔಷಧಿಯ ಜೊತೆಗೆ ಮಾತುಕತೆಯೂ ಬೇಕು ಎಂದು ಡಾಕ್ಟರು ಅವನನ್ನು ಲೋಹಿತಾ ಎಂಬ ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಕೆಲವು ಸೋಮವಾರ ಹೋದ. ಆಮೇಲೆ ಬಿಟ್ಟೇಬಿಟ್ಟ. ಯಾಕೆಂದು ಕೇಳಿದವರಿಗೆ, "ಅಲ್ಲೇನೈತೆ, ಬರೀ ಮಾತು" ಎನ್ನುತ್ತಿದ್ದ. ನಿಜವಾದ ಕಾರಣವನ್ನು ಬಾಯಿಬಿಡುವ ಹಾಗಿರಲಿಲ್ಲ.

ರಾಜಲಕ್ಷ್ಮಮ್ಮ ಗಾರ್ಮೆಂಟ್ಸಿಗೆ ಹೋಗುವವಳು. ಗಂಡ ಮತ್ತೆ ಗಿರಾಕಿಗಳ ಎದುರೇ ಗೊಣಗತೊಡಗಿದ್ದನ್ನು ಅವಳು ಕಂಡಳು. ಒಂದು ಸೋಮವಾರ ರಜಾ ಹಾಕಿ, "ಕಂಪ್ರೆಸರ್ ಬೆಲ್ಟ್ ಸವೆದೈತೆ ಅಂತಿದ್ರಲ್ಲ, ಶಿರಾಗೆ ಹೋಗಿ ತರಾನ ಬನ್ನಿ" ಎಂದಳು. ಅವನು ಹಳೆಯ ಬೆಲ್ಟನ್ನು ಅಳತೆಗೆಂದು ಚೀಲದಲ್ಲಿ ಹಾಕಿಕೊಂಡು ಹೊರಟ. ಬಸ್ ಇಳಿದ ಮೇಲೆ ಅವಳು ಬಜಾರಿನ ಕಡೆ ತಿರುಗಲಿಲ್ಲ. ಆಸ್ಪತ್ರೆಯ ಗೇಟು ಕಂಡಾಗ ಅವನಿಗೆ ಅರ್ಥವಾಯಿತು. ಕಾಲು ಹಿಂದಕ್ಕೆ ಎಳೆಯಿತು. ಆದರೆ ಅವಳು ಮೊಣಕೈ ಹಿಡಿದಿದ್ದಳು, ಜನ ನೋಡುತ್ತಿದ್ದರು.

ನೋಡು, ಹೆಂಡ್ತೀನೂ ಅವರ ಕಡೆಯೋಳೇ, ಎಂದ ಆವಯ್ಯ.

ಲೋಹಿತಾ ಮೂವತ್ತು ದಾಟದ ಹೆಂಗಸು, ಕೊರಟಗೆರೆ ಕಡೆಯವಳು. ಅವನನ್ನು ಕಂಡು ಮುಖ ಅರಳಿಸಿ, "ಬನ್ನಿ ಅಣ್ಣ. ಇವತ್ತು ಏನಂತ ಬಂದ್ರಿ?" ಎಂದಳು.

"ಬೆಲ್ಟ್ ತಗಳಾಕೆ."

ಅವಳ ನಗು ನಿಂತಿತು. ರಾಜಲಕ್ಷ್ಮಮ್ಮನ ಕಡೆ ತಿರುಗಿದಳು. ರಾಜಲಕ್ಷ್ಮಮ್ಮ ಸೆರಗಿನ ತುದಿ ನೋಡುತ್ತಿದ್ದಳು.

"ಹಂಗಾದ್ರೆ ಇವತ್ತು ಮಾತು ಬೇಡ ಬಿಡಿ. ಬೆಲ್ಟ್ ತಗೊಂಡು ಊರಿಗೆ ಹೋಗಿ," ಎಂದಳು ಲೋಹಿತಾ.

ರಾಜಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. "ಏನಮ್ಮ ನೀನು ಹೇಳಾದು? ಇವರನ್ನ ಇಲ್ಲಿಗಂಟ ಕರ್ಕಂಡ್ಬರಾಕೆ ನಾನು ಪಟ್ಟ ಪಾಡು ನಿಂಗೊತ್ತಾ? ಕೈಗೆ ಸಿಕ್ಕಿರೋರನ್ನ ವಾಪಸ್ ಕಳಿಸ್ತೀಯಲ್ಲ!"

"ಗೊತ್ತಕ್ಕ. ಆದ್ರೆ ಇವರ ಕಿವಿ ಹತ್ರ ಒಂದು ದನಿ ಆಗ್ಲೇ ದಿನಾ ಮೋಸ ಮಾಡ್ತಾ ಇದೆ. ಸುಳ್ಳು ಹೇಳಿ ಕೂರಿಸಿದ್ರೆ ನನ್ನ ದನೀನೂ ಅದರ ಜೊತೆ ಸೇರ್ಕೊಳ್ಳುತ್ತೆ." ಆಮೇಲೆ ಅವನನ್ನು ಕೇಳಿದಳು. "ನಿಮಗೆ ಇಲ್ಲಿ ಕಷ್ಟ ಆಗಿದ್ದು ಯಾವುದು ಅಣ್ಣ? ಹೇಳಬೇಕು ಅನ್ನಿಸಿದ್ರೆ ಹೇಳಿ."

ಅವನು ಆ ಗೋಡೆಯಿಂದ ಈ ಗೋಡೆಗೆ ನಡೆದ. "ಬಾಗ್ಲು ಮುಚ್ತೀರ. ಕುರ್ಚೀಲಿ ಕೂರ್ಸ್ತೀರ. ನನ್ ಕಾಲು ನಿಲ್ಲಾಕಿಲ್ಲ ಮೇಡಮ್ಮೋರೆ, ಒಳಗೆ ಇರುವೆ ಹರ್‍ದಂಗೆ ಆಯ್ತದೆ. ಆವಯ್ಯ ಎಳೀತಾನೆ."

ಕಾಲಿನ ಚಡಪಡಿಕೆ ಔಷಧಿಯಿಂದಲೂ ಬರಬಹುದು, ಅದನ್ನು ಡಾಕ್ಟರಿಗೆ ಈಗಲೇ ಹೇಳಬೇಕು ಎಂದಳು ಲೋಹಿತಾ. ಅವನು ಹೂಂಗುಟ್ಟಿದ ಮೇಲೆ ತಾನೇ ಜೊತೆಗೆ ಹೋಗಿ ಹೇಳಿಸಿದಳು. ಡಾಕ್ಟರು ಪರೀಕ್ಷೆ ಮಾಡಿ ಔಷಧಿ ಬದಲಿಸಿ ಬರೆದುಕೊಟ್ಟರು. ಹೊರಗೆ ಬಂದಾಗ ಲೋಹಿತಾ ಆವರಣದ ಹೊಂಗೆಮರ ತೋರಿಸಿದಳು.

"ಮುಂದಿನ ಸೋಮವಾರ ನಾನು ಅಲ್ಲಿ ಕಟ್ಟೆ ಮೇಲೆ ಇರ್ತೀನಿ. ನೀವು ಬಂದ್ರೆ ಓಡಾಡ್ಕೊಂಡೇ ಮಾತಾಡಬಹುದು. ಮಧ್ಯೆ ಎದ್ದು ಹೋದ್ರೂ ಕೇಳಲ್ಲ. ಬರದಿದ್ರೆ ಒಂದು ಸಲ ಫೋನ್ ಮಾಡಲಾ?"

ಅವನು ಯೋಚಿಸಿ ಹೇಳಿದ. "ನಂಗೆ ಮಾಡಿ. ಅವ್ಳಿಗೆ ಬ್ಯಾಡ."

ಗಂಡ ಹೆಂಡತಿ ಬಜಾರಿಗೆ ಹೋಗಿ ಬೆಲ್ಟ್ ಕೊಂಡರು. ವಾಪಸ್ ಬಸ್ಸಿನಲ್ಲಿ ಕಳ್ಳಂಬೆಳ್ಳ ಕಡೆಯ ಒಬ್ಬ ಪರಿಚಯದವನು ಮಾತಾಡಿಸಿದರೂ ರಾಜಲಕ್ಷ್ಮಮ್ಮ ಕಿಟಕಿಯ ಕಡೆಯೇ ಮುಖ ಮಾಡಿದ್ದಳು. ಊರಲ್ಲಿ ಇಳಿದ ಮೇಲೆ, "ಇನ್ಮ್ಯಾಲೆ ಸುಳ್ಳು ಹೇಳಾಕಿಲ್ಲ. ನಿಮ್ಮಿಷ್ಟ," ಎಂದು ಬಿರಬಿರನೆ ಮನೆ ಕಡೆ ನಡೆದಳು.

ಆ ವಾರವೆಲ್ಲ ಆವಯ್ಯ ಬಿಡಲಿಲ್ಲ. ಆ ಆಸ್ಪತ್ರೆ ಹುಡುಗೀನೂ ನಿನ್ನ ಆಚೆಗೆ ತಳ್ಳಿದಳು, ಎಂದು ಹಂಗಿಸಿದ. ಅದು ತಳ್ಳಿದ್ದಲ್ಲ ಎಂದು ಮೂಡಲಗಿರಿಯಪ್ಪನಿಗೆ ಗೊತ್ತಿತ್ತು, ಆದರೆ ವಾದಿಸುವಷ್ಟು ಕಸುವಿರಲಿಲ್ಲ. ಸೋಮವಾರ ಅಂಗಡಿಯ ಷಟರ್ ಎಳೆದು ಬಸ್ ಹತ್ತಿದ. ಅರ್ಧ ದಾರಿಯಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಎದ್ದು ನಿಂತ, ಕೂತ, ಮತ್ತೆ ಎದ್ದ. "ಇಳ್ಸಪ್ಪ, ಇಳ್ಸಪ್ಪ" ಎಂದು ಕಂಡಕ್ಟರನಿಗೆ ಹೇಳಿ ಯಾವುದೋ ಊರಿನ ಕ್ರಾಸಿನ ಹತ್ತಿರ ಇಳಿದು, ಬಿಸಿಲಲ್ಲಿ ರಸ್ತೆ ಹಿಡಿದು ಊರಿನ ಕಡೆ ನಡೆಯತೊಡಗಿದ. ಆಗ ಫೋನ್ ಬಂತು.

"ಎಲ್ಲಿದ್ದೀರಣ್ಣ?"

"ಅರ್ಧ ದಾರೀಲಿ ಇಳ್ದ್‌ಬುಟ್ಟೆ."

"ಅರ್ಧ ದಾರಿ ಬಂದಿದ್ದೀರಲ್ಲ. ನಡೀತಾ ಇದ್ದೀರಾ? ನಾನೂ ಇಲ್ಲಿ ಎದ್ದು ನಡೀತೀನಿ. ಬೇಕಾದಷ್ಟು ಮಾತಾಡೋಣ, ಸಾಕು ಅಂದಾಗ ಇಟ್ಟುಬಿಡಿ."

ಅವಳು ಆವಯ್ಯ ಇದ್ದಾನೋ ಇಲ್ಲವೋ ಎಂದು ಚರ್ಚೆಗೆ ಇಳಿಯಲಿಲ್ಲ. ಅವನು ಈಗ ಏನು ಹೇಳುತ್ತಿದ್ದಾನೆ ಎಂದಷ್ಟೇ ಕೇಳಿದಳು. ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಮೂಡಲಗಿರಿಯಪ್ಪ ನಿಂತ. ಫೋನಿಗೆ ಬಾಯಿ ಒತ್ತಿಕೊಂಡು ಹೇಳಿದ. "ನಿಮ್ಮತ್ರ ಅವ್ನ ವಿಷ್ಯ ಬಾಯ್ಬುಟ್ರೆ ನಮ್ ರಾಜಿ ಲಾರಿಗೆ ಸಿಕ್ತಾಳೆ ಅಂತಾನೆ. ಅದ್ಕೇ ಬರಾದು ಬುಟ್ಟಿದ್ದು. ಬೇಜಾರಾಗಿ ಅಲ್ಲ ಮೇಡಮ್ಮೋರೆ, ಹೆದ್ರಿಕೆಯಾಗಿ."

"ಇಷ್ಟು ದಿನ ಅಕ್ಕನ್ನ ಕಾಯ್ತಾ ಇದ್ರಿ," ಎಂದಳು ಲೋಹಿತಾ. "ಈಗ ಹೇಳಿಬಿಟ್ರಿ. ಸಂಜೆ ಅಕ್ಕ ಬರೋವರೆಗೂ ನಿಮಗೆ ಕಷ್ಟ ಆಗುತ್ತೆ. ನಾನು ಫೋನಲ್ಲಿ ಸಿಕ್ತೀನಿ."

ಕಷ್ಟವೇ ಆಯಿತು. ಊರು ಸೇರಿ ಅವನು ಅಂಗಡಿ ತೆಗೆದ, ಮುಚ್ಚಿದ, ಮತ್ತೆ ತೆಗೆದ. ಸ್ಕೂಟರಿನವನೊಬ್ಬ ಬಿಟ್ಟು ಹೋದ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆಯಂಚಿಗೆ ಓಡಾಡಿದ. ಮುಗೀತು, ಮುಗೀತು, ಎನ್ನುತ್ತಿದ್ದ ಆವಯ್ಯ. ಗಾರ್ಮೆಂಟ್ಸ್ ವ್ಯಾನು ಬರುವ ಹೊತ್ತಾಯಿತು, ಬರಲಿಲ್ಲ. ಹೊತ್ತು ಮುಳುಗುತ್ತಾ ಬಂತು. ಹಾದುಹೋಗುವ ಪ್ರತಿ ಲಾರಿಯ ಚಕ್ರವನ್ನೂ ನೋಡುತ್ತಿದ್ದ. ಲೋಹಿತಾಗೆ ಫೋನ್ ಮಾಡಿದ. ಅವಳು ಎತ್ತಿದಳು. ಮಾತು ಹೊರಡಲಿಲ್ಲ. ಅವಳೂ ಮಾತಿಗೆ ಒತ್ತಾಯಿಸದೆ ಸುಮ್ಮನೆ ಆ ಕಡೆ ಇದ್ದಳು.

ಕೊನೆಗೆ ವ್ಯಾನು ಬಂತು. ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಎಲ್ಲರ ಹಿಂದೆ ಟಿಫನ್ ಕ್ಯಾರಿಯರ್ ಹಿಡಿದು ರಾಜಲಕ್ಷ್ಮಮ್ಮ ಇಳಿದಳು. ಗಂಡ ತನ್ನ ಕಡೆ ಓಡಿಬರುವುದನ್ನು ಕಂಡು ಗಾಬರಿಯಾದಳು.

"ಏನಾಯ್ತು? ಇವತ್ತು ಓಟಿ ಕೆಲ್ಸ ಇತ್ತು, ಅದ್ಕೇ ತಡ. ಯಾಕಿಂಗೆ ಬೆವ್ತಿದ್ದೀರ?"

ಅವನು ಅವಳ ಭುಜ ಮುಟ್ಟಿ, ಕೈ ಮುಟ್ಟಿ ನೋಡಿದ. ಆಮೇಲೆ ಅಲ್ಲೇ ನಿಂತು ಎಲ್ಲವನ್ನೂ ಹೇಳಿದ. ರಾಜಲಕ್ಷ್ಮಮ್ಮ ಕೇಳುತ್ತಾ ಕೇಳುತ್ತಾ ಟಿಫನ್ ಕ್ಯಾರಿಯರನ್ನು ನೆಲಕ್ಕಿಟ್ಟಳು. "ನನ್ನ ಕಾಯಾಕೆ ಅಂತ ಒಬ್ರೇ ಇಷ್ಟು ದಿನ ಇಂಗೆ ಒದ್ದಾಡ್ತಿದ್ರಾ?" ಎಂದಳು. "ನಾನು ನಿಮ್ಮುನ್ನ ಹಟಮಾರಿ ಅಂತ ಬೈಕಂಡು ತಿರುಗ್ತಿದ್ದೆ." ಅಳುವುದೋ ನಗುವುದೋ ತಿಳಿಯದೆ ಸೆರಗಿನಿಂದ ಅವನ ಹಣೆ ಒರೆಸಿದಳು.

ಇವತ್ತು ತಪ್ಪಿತು, ನಾಳೆ ನೋಡು, ಎಂದ ಆವಯ್ಯ. ಆದರೆ ಆ ಮಾತಿನಲ್ಲಿ ಮೊದಲಿನ ಬಿರುಸಿರಲಿಲ್ಲ. ಅಥವಾ ಮೂಡಲಗಿರಿಯಪ್ಪನಿಗೆ ಹಾಗೆ ಅನ್ನಿಸಿತು.

ಆಮೇಲಿನ ಸೋಮವಾರ ಅವನು ಹೊಂಗೆಮರದವರೆಗೂ ಹೋದ. ಔಷಧಿ ಬದಲಾದ ಮೇಲೆ ಕಾಲಿನ ಚಡಪಡಿಕೆ ಮೆಲ್ಲಮೆಲ್ಲನೆ ಇಳಿಯಿತು, ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂರುವಂತಾದ. ಆವಯ್ಯ ಇನ್ನೂ ಬರುತ್ತಾನೆ. "ಕೆಲ್ಸ ಮುಗೀಲಿ, ಆಮ್ಯಾಕೆ ಕೇಳ್ತೀನಿ" ಎಂದು ಅವನಿಗೆ ಹೇಳುವುದನ್ನು ಮೂಡಲಗಿರಿಯಪ್ಪ ರೂಢಿ ಮಾಡಿಕೊಳ್ಳುತ್ತಿದ್ದಾನೆ. ಕೆಲವು ದಿನ ಆವಯ್ಯ ಮಾತು ಕೇಳುತ್ತಾನೆ, ಕೆಲವು ದಿನ ಕೇಳುವುದಿಲ್ಲ. ಕೆಲವು ಸೋಮವಾರ ಇವನೂ ಹೋಗುವುದಿಲ್ಲ. ಫೋನ್ ಬರುತ್ತದೆ, ಒಮ್ಮೊಮ್ಮೆ ಅದನ್ನೂ ಎತ್ತುವುದಿಲ್ಲ. ರಾಜಲಕ್ಷ್ಮಮ್ಮನಿಗೆ ಭಯವಾಗುತ್ತದೆ. ಆದರೂ ಅವಳು ಒತ್ತಾಯಿಸುವುದಿಲ್ಲ, ಸುಳ್ಳು ಹೇಳಿ ಕರೆದೊಯ್ಯುವುದಿಲ್ಲ. ಮುಂದಿನ ವಾರ ಅವನೇ ಅಂಗಿ ಬದಲಿಸಿ, "ಶಿರಾಗೆ ಹೋಗ್ಬತ್ತೀನಿ ಕಣೇ, ಆ ಮೇಡಮ್ಮುನ್ನ ಮಾತಾಡಿಸ್ಕಂಡು" ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆಯುತ್ತಾನೆ.