ಕಂದೀಲು ಹಿಡಿದು ಬರುವ ರಾಕ್ಷಸ

ಇಂದು ಏಕಾದಶಿ, ಉಪವಾಸ. ಕಸ ಗುಡಿಸಿ, ವಿಠ್ಠಲನ ಮುಂದೆ ದೀಪ ಹಚ್ಚಿ ಬಂದರೆ ಮಗಳು ಮೊಬೈಲಿನಲ್ಲಿ ಆಟ ಆಡುತ್ತಿದ್ದಳು. ಹಸಿರು ಬಣ್ಣದ ಗಿಡ್ಡ ರಾಕ್ಷಸನೊಬ್ಬ ಕಂದೀಲು, ಚೂರಿ ಹಿಡಿದು ನಿಧಾನಕ್ಕೆ ಬರುತ್ತಿದ್ದ.

"ಈ ಆಟದ ಎಲ್ಲಾ ಭಾಗದಾಗೂ ಇದು ಬರತೈತವ್ವಾ. ಭಾಳ ಡೇಂಜರ್!"

"ಹೊಡಿಬ್ಯಾಡವಾ, ನಮ್ಮಜ್ಜಿ ಬಂದಂಗ ಬರಾಕತ್ತೈತಿ," ಎಂದೆ.

ನಾನು ಚಿಕ್ಕವಳಿದ್ದಾಗ ಮಹಾಗಾಂವದ ಕಬ್ಬಿನ ಹೊಲದಿಂದ ಅಜ್ಜಿ ಸಂಜೆ ಹಾಗೆಯೇ ಬರುತ್ತಿದ್ದಳು. ತಲೆಗೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಕುಡುಗೋಲು, ಸೀಮೆಎಣ್ಣೆ ನಾರುವ ಕಂದೀಲು. ದೆವ್ವವೆಂದು ನಾನೂ ಅಕ್ಕನೂ ಬಣವೆಯ ಹಿಂದೆ ಅಡಗಿದರೆ, "ದೆವ್ವಕ್ಕ ಹಸಿವಾಗೈತಿ, ರೊಟ್ಟಿ ಹಚ್ಚಿ ಕೊಡ್ರೇ!" ಎನ್ನುತ್ತಿದ್ದಳು.

ಆ ಕಂದೀಲು ಕುರುಂದವಾಡದಲ್ಲಿ ಅಕ್ಕ ಚಂದ್ರವ್ವನ ಮನೆಯಲ್ಲಿತ್ತು. ಮಹಾಪೂರದ ನೀರು ಅವಳ ಅಟ್ಟಕ್ಕೇರಿದ ಮೇಲೆ ಕೇಳುವ ಧೈರ್ಯವಾಗಲಿಲ್ಲ. ಅವಳಿಗೆ ಫೋನಿಲ್ಲ. ಆ ಊರಿನವರು ಯಾರಾದರೂ ಇದನ್ನು ಓದಿದರೆ, ಕಂದೀಲು ಉಳಿದಿದೆಯೇ ಎಂದು ಅಕ್ಕನನ್ನು ಕೇಳಿ, ಅವಳ ಉತ್ತರವನ್ನು ಇಚಲಕರಂಜಿಯಲ್ಲಿರುವ ನನಗೆ ತಂದುಕೊಡಿ.