ಅಮ್ಮ ನೈಟಿ ಹಾಕಿಕೊಂಡ ಸಂಜೆ

ಇವತ್ತು ಆಫೀಸಿನಿಂದ ಬಂದು, ಒಗೆದೊಗೆದು ಬಣ್ಣ ಹೋದ ನೈಟಿ ಹಾಕಿಕೊಂಡಾಗ ಅಮ್ಮ ನೆನಪಾದಳು. ನಾನು ಚಿಕ್ಕವಳಿದ್ದಾಗ ಅಮ್ಮ ಮಿಡಿಗೇಶಿಯಲ್ಲಿ ಟೀಚರ್ ಆಗಿದ್ದಳು. ಸಂಜೆ ಬಸ್ಸಿನಲ್ಲಿ ನಿಂತೇ ಮಧುಗಿರಿಯ ಮನೆಗೆ ಬಂದು, ಗಂಜಿ ಹಾಕಿದ ಅದೇ ಸೀರೆಯಲ್ಲಿ ಮುದ್ದೆ ತಿರುವುತ್ತಿದ್ದಳು. ಸೊಸೆ ನೈಟಿ ಹಾಕುವುದು ಅಜ್ಜಿಗೆ ಆಗುತ್ತಿರಲಿಲ್ಲ. ಚಿಕ್ಕಮ್ಮ ಕೊಟ್ಟಿದ್ದ ನೈಟಿ ಬೀರುವಿನಲ್ಲೇ ಉಳಿದಿತ್ತು.

ಒಂದು ಸಂಜೆ ಅಮ್ಮ ಅದನ್ನು ಹಾಕಿಕೊಂಡೇ ಅಡುಗೆಮನೆಗೆ ಬಂದಳು.

"ಇದೇನಮ್ಮಿ, ಇಂಗ್ ಬಂದ್ಬುಟ್ಟೆ? ಯಾರಾನ ನೋಡಿದ್ರೆ ಏನಂದ್ಕಂತಾರೆ?" ಎಂದಳು ಅಜ್ಜಿ.

"ಬೆಳಗ್ಗಿಂದ ನಿಂತೇ ಇದೀನಿ ಅತ್ತೆ. ಬೈಯೋದಿದ್ರೆ ನಾಳೆ ಬೈರಿ," ಎಂದು ಅಮ್ಮ ನೆಲದ ಮೇಲೆ ಕೂತುಬಿಟ್ಟಳು.

ಅಜ್ಜಿ ಅವಳ ಮುಖ ನೋಡಿದಳು. ತಾನೇ ಒಲೆಯ ಮುಂದೆ ನಿಂತು ಮುದ್ದೆ ತಿರುವಿದಳು.

ಅಮ್ಮನಿಗೆ ಹುಷಾರಿಲ್ಲವೆಂದು ಆಗ ನಾನು ಹೆದರಿದ್ದೆ. ಅದು ಬರೀ ಸುಸ್ತು ಎಂದು ಈಗ, ಕುಕ್ಕರ್ ಇಡಲು ಏಳಲಾರದೆ ಕೂತಿರುವಾಗ ಗೊತ್ತಾಗುತ್ತಿದೆ.