ಜವಾರಿ ಹೋಗಬಾರದು

ಮೊನ್ನೆ ರಕ್ತ ತಪಾಸಣೆಗೆ ಹೋದಾಗ ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಪನಕೊಪ್ಪದ ನಮ್ಮ ಎದುರುಮನೆಯ ಕಾಕಾ ನೆನಪಾದರು. ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪ್ ರೆಕಾರ್ಡರಿನ ಹೆಡ್ಡು ಒರೆಸುತ್ತಿದ್ದರು, ಕೂಸಿನ ಕಿವಿ ಒರೆಸಿದಂತೆ...

ಕಾಕಾ ಸಾಲೆಯಲ್ಲಿ ಸಂಗೀತದ ಮಾಸ್ತರರಾಗಿ ನಿವೃತ್ತರಾದವರು. ನಾನೋ, ಆಗಷ್ಟೇ ಮನೆಗೆ ಕಂಪ್ಯೂಟರ್ ತಂದು, ಒಳ್ಳೆಯ ಸೌಂಡ್ ಕಾರ್ಡ್ ಕೂಡಿಸಿ, ಓಣಿಗೆಲ್ಲ ನಾನೇ ಶಾಣ್ಯಾ ಎಂದು ಮೆರೆಯುತ್ತಿದ್ದವನು. ಯಾರ ಮನೆಯ ಕ್ಯಾಸೆಟ್ ಆದರೂ ಸೈ, ಕಂಪ್ಯೂಟರಿಗೆ ಏರಿಸಿ, ಸೊರ್ ಎನ್ನುವ ಸದ್ದು ತೆಗೆದು ಸಿ.ಡಿ. ಮಾಡಿಕೊಡುತ್ತಿದ್ದೆ. ಒಂದು ದಿನ ಕಾಕಾನೂ ಹಳೆಯ ಕ್ಯಾಸೆಟ್ ತಂದರು. ಮನೆಯಲ್ಲೇ ಮುದ್ರಿಸಿದ್ದು. ಅವರ ಹಾಡು, ಹಿಂದೆ ಅವರ ಹೆಂಡತಿ ಕಾಕುವಿನ ತಂಬೂರಿ. ಕಾಕು ತೀರಿಕೊಂಡು ಆಗ ಮೂರು ವರ್ಷವಾಗಿತ್ತು.

"ಸಪ್ಪಳ ಕಡಿಮಿ ಮಾಡು ತಮ್ಮಾ. ಆದ್ರ ಜವಾರಿ ಹೋಗಬಾರದು ನೋಡು," ಎಂದರು.

ನಮ್ಮ ಕಡೆ ಜವಾರಿ ಎಂದರೆ ಊರ ತಳಿ. ಜವಾರಿ ಕೋಳಿ, ಜವಾರಿ ಬದನೆಕಾಯಿ. ಹಾಡಿನ ಹಳೆಯ ಧಾಟಿಗೆ ಹಾಗೆನ್ನುತ್ತಿದ್ದಾರೆ ಎಂದುಕೊಂಡು, "ಕಂಪ್ಯೂಟರ್‌ನ್ಯಾಗ ಹಾಕಿದ ಮ್ಯಾಲೆ ಎಲ್ಲಾ ಹೈಬ್ರಿಡ್ ಆಗತೈತ್ರಿ ಕಾಕಾ!" ಎಂದು ಹಲ್ಲು ಕಿಸಿದೆ. ಅವರೂ ನಕ್ಕರು. ತಂಬೂರಿಯ ತಂತಿಯಿಂದ ಜುಂಯ್ ಎಂದು ಹೊರಡುವ ತುಂಬು ನಾದಕ್ಕೂ ಜವಾರಿ ಎನ್ನುತ್ತಾರೆಂದು ನನಗೆಲ್ಲಿ ಗೊತ್ತು? ಕೇಳಬಹುದಿತ್ತು. ಕೇಳಿದ್ದರೆ ನನ್ನ ಶಾಣ್ಯಾತನ ಸವೆದುಹೋಗುತ್ತಿತ್ತಲ್ಲ!

ತೆಗೆಯಬೇಕಾದ ಸದ್ದು ಯಾವುದೆಂದು ಸಾಫ್ಟ್‌ವೇರಿಗೆ ಒಂದು ತುಣುಕು ತೋರಿಸಬೇಕು. ಹಾಡು ಶುರುವಾಗುವ ಮುಂಚಿನ ಕೆಲವು ಸೆಕೆಂಡು ತೋರಿಸಿದೆ. ಅಲ್ಲಿದ್ದದ್ದು ತಂಬೂರಿ. ನನ್ನ ಕಿವಿಗೆ ಅದು ಕರೆಂಟಿನ ಗುಂಯ್ ಸದ್ದಿನಂತೆ ಕೇಳಿತ್ತು. ಗುಂಡಿ ಒತ್ತಿದೆ. ಕಾಕಾನ ದನಿ ತೊಳೆದಿಟ್ಟ ಹಾಗೆ ಬಂತು. ಖುಷಿಯಲ್ಲಿ ಹಳೆಯ ಫೈಲಿನ ಮೇಲೆಯೇ ಅದನ್ನು ಸೇವ್ ಮಾಡಿದೆ. ಕ್ಯಾಸೆಟ್ಟೋ, ಕಂಪ್ಯೂಟರಿಗೆ ಏರಿಸಿದ ಮೇಲೆ ಹಿಂದಕ್ಕೆ ಸುತ್ತುವಾಗಲೇ ಸಿಕ್ಕಿಕೊಂಡು ತುಂಡುತುಂಡಾಗಿತ್ತು. ಇನ್ನು ಅದೇಕೆ ಎಂದು ಕಸಕ್ಕೆ ಎಸೆದಿದ್ದೆ.

ಕಾಕಾ ನಮ್ಮ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕುಳಿತು ಕೇಳತೊಡಗಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ಎದ್ದು ಬಂದು, ಸ್ಪೀಕರಿಗೆ ಕಿವಿ ಹಚ್ಚಿದರು.

"ಅಕಿ ಎಲ್ಲಿ ತಮ್ಮಾ?"

ಏನು ಮಾಡಿದ್ದೇನೆಂದು ಆಗ ತಿಳಿಯಿತು.

"ಕ್ಯಾಸೆಟ್ ಹಳೇದಾಗಿತ್ರಿ ಕಾಕಾ. ಅದರಾಗ ಇದ್ದದ್ದ ಇಷ್ಟು. ಆಮ್ಯಾಲೆ ಹರಿದೂ ಹೋತು," ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನಾಲಿಗೆ ತಡವರಿಸಲೂ ಇಲ್ಲ.

"ನಂದ ತಪ್ಪು. ಅಟ್ಟದ ಮ್ಯಾಲೆ ಇಟ್ಟಿದ್ದೆ. ಬಿಸಲಿನ ಝಳಕ್ಕ ಹಾಳಾಗಿರಬೇಕು," ಎಂದು ಕಾಕಾ ತಲೆ ತಗ್ಗಿಸಿದರು. ಆಮೇಲೆ ಎಂಟು ವರ್ಷ ಬದುಕಿದ್ದರು. ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದರು... ನಾನು ಪಕ್ಕದಲ್ಲೇ ಕಲ್ಲಿನ ಹಾಗೆ ನಿಂತು ಕೇಳುತ್ತಿದ್ದೆ, ನಾಚಿಕೆಗೇಡಿ.

ಕಾಕಾನ ಮಗಳು ನಿನ್ನೆ ಫೋನ್ ಮಾಡಿದ್ದಳು. ಆ ಹಾಡನ್ನು ತನ್ನ ಮಗಳಿಗೆ ಕೇಳಿಸಿದಳಂತೆ.

"ಏನ್ ಕ್ಲಿಯರ್ ಅದ ಅಣ್ಣಾ, ಒಂಚೂರೂ ಸಪ್ಪಳಿಲ್ಲ! ಅವ್ವನ ತಂಬೂರಿ ಒಂದು ಇರಬೇಕಿತ್ತು. ಅಪ್ಪ ಅಟ್ಟದ ಮ್ಯಾಲೆ ಇಟ್ಟು ಹಾಳ ಮಾಡಿಬಿಟ್ರು," ಎಂದಳು.

ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಹೌದವಾ," ಎಂದೆ.